ಪದದ ಗುಟ್ಟು ಪಕ್ಕದ ಪದಕ್ಕೆ ಗೊತ್ತು!

‘ಹಸಿ’ ಪದದ ವಿರುದ್ಧ ಪದ ಯಾವುದು? ಶಾಲೆಗೆ ಹೋಗುವ ಯಾವ ಮಗುವನ್ನಾದರೂ ಕೇಳಿ ನೋಡಿ. ‘ಒಣ’ ಎಂದು ಥಟ್ಟನೆ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಈಗ ಅಡುಗೆಮನೆಗೆ ಬನ್ನಿ. “ಅವರೆಕಾಳು ಇನ್ನೂ ಹಸಿಯಾಗೇ ಇದೆ, ಇನ್ನೊಂದು ಕುದಿ ಬರಲಿ” ಅನ್ನುತ್ತಾರೆ ಅಜ್ಜಿ. ಇಲ್ಲಿ ಹಸಿಯ ವಿರುದ್ಧ ‘ಬೆಂದದ್ದು’. ಆಟವಾಡಿ ಬಿದ್ದ ಮೊಮ್ಮಗನ ಮೊಣಕಾಲಿನ ಗಾಯ ಹಸಿಯಾಗಿದ್ದರೆ, ಅದರ ವಿರುದ್ಧ ‘ಮಾಗಿದ್ದು’. “ಅವನು ಹೇಳಿದ್ದು ಹಸಿ ಸುಳ್ಳು” ಎಂದರೋ? ಒಣ ಸುಳ್ಳೂ ಇಲ್ಲ, ಬೆಂದ ಸುಳ್ಳೂ ಇಲ್ಲ! ಅಲ್ಲಿ ‘ಹಸಿ’ ಎಂದರೆ ‘ಅಪ್ಪಟ’.

ಮಕ್ಕಳೇ, ಪದ ಒಂದೇ. ಅದರ ಅಕ್ಕಪಕ್ಕ ಕುಳಿತವರು ಬದಲಾದಂತೆ ಅದರ ಅರ್ಥವೂ ಬದಲಾಯಿತು. ಹೀಗಾಗಿ ಸಮಾನಾರ್ಥಕ, ವಿರುದ್ಧಾರ್ಥಕಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತವೆ. ವಾಕ್ಯದೊಳಗೆ ಕಂಡು ಕಲಿತದ್ದು ಕಡೆಯವರೆಗೂ ಉಳಿಯುತ್ತದೆ.

ತೋಟದಲ್ಲೇ ಇದೆ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಇದನ್ನು ಕಲಿಯಲು ಬೇರೆ ಪಾಠಶಾಲೆ ಬೇಕಿಲ್ಲ. ತೆಂಗಿನ ಮರವೇ ಸಾಕು.

‘ಕಾಯಿ’ಗೆ ವಿರುದ್ಧ ಪದ ‘ಹಣ್ಣು’ ಎಂದು ಪುಸ್ತಕ ಹೇಳುತ್ತದೆ. ಮಾವಿಗೆ ಸರಿ, ಬಾಳೆಗೆ ಸರಿ. ಆದರೆ ತೆಂಗಿನಕಾಯಿ ಹಣ್ಣಾಗಿದ್ದನ್ನು ನೀವು ಕಂಡಿದ್ದೀರಾ? ಹೊಂಬಾಳೆ ಒಡೆದು ಹರಳು ಕಟ್ಟುತ್ತದೆ, ಎಳನೀರಾಗುತ್ತದೆ, ಬಲಿತರೆ ಕಾಯಿ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಅದೇ ತಿಪಟೂರಿನ ಹೆಸರುವಾಸಿ ಉಂಡೆ ಕೊಬ್ಬರಿ. ನಮ್ಮ ತೋಟದಲ್ಲಿ ‘ಕಾಯಿ’ಯ ಎದುರಿಗೆ ನಿಲ್ಲುವುದು ಒಂದು ಕಡೆ ‘ಎಳನೀರು’, ಇನ್ನೊಂದು ಕಡೆ ‘ಕೊಬ್ಬರಿ’. ಹಣ್ಣಿನ ಮಾತೇ ಇಲ್ಲ.

ಸಮಾನಾರ್ಥಕಕ್ಕೂ ಇದೇ ನ್ಯಾಯ. ‘ತೀರ್ಥ’ ಎಂದರೂ ನೀರು, ‘ಜಲ’ ಎಂದರೂ ನೀರು. ಹಾಗೆಂದು “ಸ್ನಾನಕ್ಕೆ ಎರಡು ಬಿಂದಿಗೆ ತೀರ್ಥ ಕಾಯಿಸಿ” ಎಂದರೆ ಮನೆಮಂದಿಯೆಲ್ಲ ನಗುತ್ತಾರೆ. ಅರ್ಥ ಒಂದೇ ಇದ್ದರೂ ಪದಕ್ಕೆ ಅದರದೇ ಜಾಗ ಇದೆ.

ಸುಸ್ತಿದಾರ ಯಾರು?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಒಂದು ಮಾರ್ಚ್ ತಿಂಗಳಲ್ಲಿ ವಯಸ್ಸಾದ ರೈತರೊಬ್ಬರು ಮೊಮ್ಮಗಳ ಜೊತೆ ಕೌಂಟರಿಗೆ ಬಂದರು. ಕೈಯಲ್ಲಿ ಬೆಳೆ ಸಾಲದ ನೋಟೀಸು. ಯಾರೋ ಅವರಿಗೆ ಓದಿ ಹೇಳಿದ್ದರಂತೆ. “ನಾನು ಸುಸ್ತಾಗಿರೋದು ನಿಜ ಸ್ವಾಮಿ, ಬೆಳಗಿಂದ ಕಾಯಿ ಸುಲಿದಿದ್ದೀನಿ. ಅದು ಬ್ಯಾಂಕಿಗೆ ಹೆಂಗೆ ಗೊತ್ತಾಯ್ತು?” ಎಂದರು.

ನೋಟೀಸಿನಲ್ಲಿದ್ದದ್ದು ಹೀಗೆ: ‘ಮಾರ್ಚ್ 31ರೊಳಗೆ ಸಾಲ ಕಟ್ಟಿದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಇರುತ್ತದೆ. ಆದರೆ ಸುಸ್ತಿದಾರರಿಗೆ ಇರುವುದಿಲ್ಲ.’

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಕಾಗದವನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದಳು. “ತಾತ, ಮೊದಲು ಕಟ್ಟಿದವರ ಮಾತು ಹೇಳಿದ್ದಾರೆ. ಆಮೇಲೆ ‘ಆದರೆ’ ಅಂತಿದೆ. ಅಂದ್ರೆ ಸುಸ್ತಿದಾರ ಅಂದ್ರೆ ಹೇಳಿದ ದಿನಕ್ಕೆ ಕಟ್ಟದೇ ಇರೋನು. ನೀನಿನ್ನೂ ಸುಸ್ತಿದಾರ ಆಗಿಲ್ಲ, ದಿನ ಇದೆ” ಎಂದಳು. ಏಳನೇ ತರಗತಿಯ ಹುಡುಗಿ! ಆ ಪದ ಅವಳ ಯಾವ ಪಾಠದಲ್ಲೂ ಬಂದಿರಲಿಲ್ಲ. ‘ಆದರೆ’ ಎಂಬ ಮೂರಕ್ಷರ ಹಿಡಿದು ಅರ್ಥಕ್ಕೆ ತಲುಪಿದ್ದಳು. ತಾತ ಅಟ್ಟದ ಮೇಲಿದ್ದ ಕೊಬ್ಬರಿ ಮಾರಿ, ಗಡುವಿಗೆ ಎರಡು ದಿನ ಮುಂಚೆ ಹಣ ಕಟ್ಟಿದರು. ರಿಯಾಯಿತಿ ಉಳಿಯಿತು.

ಬ್ಯಾಂಕಿನಲ್ಲಿ ಇಂಥ ಪದಗಳು ಹತ್ತಾರು. ‘ಅಸಲು’ ನೋಡಿ. ಸಾಲದ ಕಾಗದದಲ್ಲಿ ‘ಅಸಲು’ ಬಂದರೆ ಅದರ ಎದುರಿಗೆ ನಿಲ್ಲುವುದು ‘ಬಡ್ಡಿ’. ದಾಖಲೆಯ ವಿಷಯದಲ್ಲಿ ‘ಅಸಲು ಪ್ರತಿ’ ಎಂದರೆ ಎದುರಿಗೆ ನಿಲ್ಲುವುದು ‘ನಕಲು ಪ್ರತಿ’. ‘ತೆಗೆ’ ಎಂಬ ಸಣ್ಣ ಪದವನ್ನೂ ನೋಡಿ: ಖಾತೆ ತೆಗೆದರೆ ವಿರುದ್ಧ ‘ಮುಚ್ಚು’, ಖಾತೆಯಿಂದ ಹಣ ತೆಗೆದರೆ ವಿರುದ್ಧ ‘ಕಟ್ಟು’.

ಸುಳಿವು ಎಲ್ಲೆಲ್ಲಿ ಅಡಗಿರುತ್ತದೆ?

ಗೊತ್ತಿಲ್ಲದ ಪದ ಎದುರಾದಾಗ ಈ ಮೂರು ಕಡೆ ಹುಡುಕಿ.

ಮೊದಲನೆಯದು ಕೊಂಡಿ ಪದಗಳು. ‘ಅಂದರೆ’, ‘ಎಂದರೆ’, ‘ಹಾಗೆಯೇ’ ಇದ್ದರೆ ಹತ್ತಿರದಲ್ಲೇ ಅದೇ ಅರ್ಥದ ಮಾತು ಇರುತ್ತದೆ. ‘ಆದರೆ’, ‘ಬದಲಿಗೆ’, ‘ಅಲ್ಲದೆ ಹೋದರೆ’ ಇದ್ದರೆ ಮಾತು ತಿರುಗಿತು ಎಂದು ತಿಳಿಯಿರಿ. ‘ತೆಂಗಿನಕಾಯಿ ಹೊರಗೆ ಒರಟು, ಆದರೆ ಒಳಗೆ ನಯ’ ಎಂದಾಗ ‘ನಯ’ ಗೊತ್ತಿರುವ ಮಗುವಿಗೆ ‘ಒರಟು’ ತಾನಾಗಿ ಸಿಗುತ್ತದೆ.

ಎರಡನೆಯದು ಜೋಡುನುಡಿ. ಇದು ನಮ್ಮ ಹಿರಿಯರು ಮಾತಿನಲ್ಲೇ ಕಟ್ಟಿಟ್ಟ ನಿಧಿ. ‘ದವಸಧಾನ್ಯ’, ‘ಕಾಗದಪತ್ರ’, ‘ಬಂಧುಬಳಗ’ ಇವುಗಳಲ್ಲಿ ಎರಡೂ ಪದಗಳಿಗೆ ಹೆಚ್ಚುಕಡಿಮೆ ಒಂದೇ ಅರ್ಥ. ‘ಹಗಲಿರುಳು’, ‘ಏಳುಬೀಳು’, ‘ನೋವುನಲಿವು’ ಇವುಗಳಲ್ಲಿ ಒಂದಕ್ಕೊಂದು ಎದುರು. “ಜಾತ್ರೆಗೆ ಬಡವಬಲ್ಲಿದರೆಲ್ಲ ಬಂದಿದ್ದರು” ಎಂಬಲ್ಲಿ ‘ಬಲ್ಲಿದ’ ತಿಳಿಯದಿದ್ದರೂ ‘ಬಡವ’ ಅದನ್ನು ಹೇಳಿಕೊಡುತ್ತಾನೆ: ಸಿರಿವಂತ, ಬಲವುಳ್ಳವ. ಒಂದು ಎಚ್ಚರಿಕೆ ಮಾತ್ರ. ‘ಊಟಗೀಟ’, ‘ಕಾಯಿಗೀಯಿ’ ಎಂಬಲ್ಲಿ ‘ಗೀಟ’, ‘ಗೀಯಿ’ಗಳ ಅರ್ಥ ಹುಡುಕಲು ಹೋಗಬೇಡಿ. ಅವು ಬರೀ ಜೊತೆಗಾರರು!

ಮೂರನೆಯದು ಗಾದೆ. ಗಾದೆ ಎಷ್ಟೋ ಸಲ ತಕ್ಕಡಿಯಂತೆ ಎರಡು ತಟ್ಟೆಯಲ್ಲಿ ತೂಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದಾಗ ಕಟ್ಟುವುದಕ್ಕೂ ಕೆಡವುವುದಕ್ಕೂ ಇರುವ ಅಂತರ ವರುಷ–ನಿಮಿಷಗಳ ಎದುರುಬದುರಿನಲ್ಲೇ ಕಾಣುತ್ತದೆ.

ಮೊದಲು ಊಹೆ, ಆಮೇಲೆ ನಿಘಂಟು

ಊಹಿಸಿದ ಮೇಲೆ ನಿಘಂಟು ತೆರೆದು ತಾಳೆ ನೋಡುವುದು ಒಳ್ಳೆಯದು. ಏಕೆಂದರೆ ಊಹೆ ಅರ್ಧ ಸರಿಯಿರಬಹುದು. ‘ತಿಳಿ ಸಾರು’ ಎಂಬುದನ್ನು ನೋಡಿ ‘ತಿಳಿ’ ಎಂದರೆ ‘ನೀರು ನೀರಾದದ್ದು’ ಎಂದಷ್ಟೇ ಅಂದುಕೊಂಡರೆ, ‘ತಿಳಿ ಹಸಿರು’ ಬಂದಾಗ ತೊಡಕಾಗುತ್ತದೆ. ಸಾರಿನಲ್ಲಿ ಅದರ ವಿರುದ್ಧ ‘ಗಟ್ಟಿ’, ಬಣ್ಣದಲ್ಲಿ ‘ಕಡು’, ಕೆರೆಯ ನೀರಿನಲ್ಲಿ ‘ಕದಡಿದ್ದು’.

ನಿಘಂಟು ಮಾಡುವ ವಿದ್ವಾಂಸರೂ ಅರ್ಥ ಕಂಡುಕೊಳ್ಳುವುದು ಇದೇ ದಾರಿಯಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ‘ಕನ್ನಡ ನಿಘಂಟು’ ತೆರೆದರೆ, ಅರ್ಥದ ಜೊತೆಗೆ ಆ ಪದ ಶಾಸನದಲ್ಲೋ ಕಾವ್ಯದಲ್ಲೋ ಬಳಕೆಯಾದ ಪ್ರಯೋಗಗಳೂ ಕಾಣುತ್ತವೆ. ಪದ ಎಲ್ಲಿ, ಯಾರ ಜೊತೆ ಕುಳಿತಿತ್ತು ಎಂಬುದೇ ಅರ್ಥಕ್ಕೆ ಸಾಕ್ಷಿ. ಆ ಕೆಲಸದಲ್ಲಿ ಮುಂದೆ ನಿಂತು ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು.

ನಮ್ಮ ಸೀಮೆಯವರೂ ಕಡಿಮೆಯಿಲ್ಲ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ.ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರ ಹೆಸರಿನ ಮೊದಲಿನ ‘ತೀ’ ಆ ಊರೇ! ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ತಾತ–ಅಜ್ಜಿ–ಮೊಮ್ಮಕ್ಕಳ ಆಟ

ಹಿರಿಯರಲ್ಲಿ ಒಂದು ಬಿನ್ನಹ. ಮೊಮ್ಮಗು “ಇದರ ಅರ್ಥ ಏನು?” ಎಂದು ಕೇಳಿದ ಕೂಡಲೇ ಉತ್ತರ ಕೊಟ್ಟುಬಿಡಬೇಡಿ. “ಇಡೀ ವಾಕ್ಯ ಇನ್ನೊಂದು ಸಲ ಓದು” ಎನ್ನಿ. ಸಾಲದಿದ್ದರೆ ಆ ಪದ ಹಾಕಿ ನೀವೇ ಇನ್ನೊಂದು ವಾಕ್ಯ ಹೇಳಿ. ನಿಮ್ಮ ಬಾಯಲ್ಲಿರುವ ಎಷ್ಟೋ ಪದಗಳು ಈಗಿನ ಪಠ್ಯಪುಸ್ತಕದಲ್ಲಿಲ್ಲ. ನೀವು ಮಾತಾಡಿದರಷ್ಟೇ ಅವು ಮಕ್ಕಳಿಗೆ ಸಿಗುತ್ತವೆ.

ಈಗ ಮಕ್ಕಳು ಈ ಐದು ವಾಕ್ಯ ಓದಿ, ಉದ್ಧರಣ ಚಿಹ್ನೆಯೊಳಗಿನ ಪದದ ಅರ್ಥ ಹೇಳಲಿ. ಯಾವ ಸುಳಿವಿನಿಂದ ಗೊತ್ತಾಯಿತು ಎಂಬುದನ್ನೂ ಹೇಳಬೇಕು. ಅರ್ಥಕ್ಕೆ ಒಂದು ಅಂಕ, ಸುಳಿವಿಗೆ ಎರಡು!

1. ಹೋದ ವರ್ಷ ಬರ ಬಂದು ಕೆರೆ ಒಣಗಿತ್ತು. ಈ ವರ್ಷ ಊರೆಲ್ಲ ‘ಸುಭಿಕ್ಷ’.
2. ಅಣ್ಣ ಕೇಳಿದವರಿಗೆಲ್ಲ ಎಳನೀರು ಕೊಡುತ್ತಾನೆ. ತಮ್ಮ ‘ಲೋಭಿ’, ಬಿದ್ದ ಸೋಗೆಯನ್ನೂ ಬಿಡುವುದಿಲ್ಲ.
3. ಓಣಿ ‘ಇಕ್ಕಟ್ಟಾಗಿ’ತ್ತು, ಗಾಡಿ ಹೋಗಲಿಲ್ಲ, ತೋಟದ ಆಚೆ ದಾರಿ ಅಗಲವಾಯಿತು.
4. ಉಪ್ಪು ‘ತುಸು’ ಹಾಕು, ಹೆಚ್ಚಾದರೆ ಬಾಯಿಗೆ ಇಡಲಾಗುವುದಿಲ್ಲ.
5. ಅಂಗಡಿಯ ಬಾಕಿ ‘ಚುಕ್ತಾ’ ಆಯಿತು, ಇನ್ನು ಒಂದು ಪೈಸೆಯೂ ಕೊಡಬೇಕಾಗಿಲ್ಲ.

ಉತ್ತರಗಳು: 1. ಮಳೆಬೆಳೆ ಚೆನ್ನಾಗಿರುವುದು (ಬರ × ಸುಭಿಕ್ಷ). 2. ಜಿಪುಣ. 3. ಕಿರಿದಾಗಿ (ಇಕ್ಕಟ್ಟು × ಅಗಲ). 4. ಸ್ವಲ್ಪ. 5. ಪೂರ್ತಿ ತೀರಿತು (ಬಾಕಿ × ಚುಕ್ತಾ).