ಲೇಸರಿನ ಗದ್ದಲ ಕಳೆಯುವುದು

ಅಂಗಾಂಶದ ತೆಳು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಅಷ್ಟಕ್ಕಷ್ಟೆ. ಅದಕ್ಕೇ ಲ್ಯಾಬುಗಳಲ್ಲಿ ಬಣ್ಣ ಹಾಕುತ್ತಾರೆ. ಬಣ್ಣದ ಹಂಗಿಲ್ಲದೆ ಕೊಬ್ಬು ಯಾವುದು, ಪ್ರೋಟೀನ್ ಯಾವುದು ಎಂದು ತಿಳಿಯುವ ದಾರಿಯೂ ಇದೆ. ಒಂದೊಂದು ಬಗೆಯ ಅಣುವೂ ತನ್ನದೇ ಲಯದಲ್ಲಿ ಕಂಪಿಸುತ್ತದೆ; ಅದರ ಮೇಲೆ ಬಿದ್ದು ಚದುರಿದ ಬೆಳಕಿನಲ್ಲಿ ಆ ಕಂಪನದ ಗುರುತು ಉಳಿಯುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡದ್ದು ಇದನ್ನೇ. ಆ ವರ್ಷದ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಅವರು ಅದನ್ನು ವಿವರಿಸಿದರು.

ಆದರೆ ಈ ಚದುರಿಕೆ ತೀರಾ ಕ್ಷೀಣ. ಕೋಟಿ ಫೋಟಾನುಗಳು ಬಿದ್ದರೆ ಬೆರಳೆಣಿಕೆಯಷ್ಟು ಮಾತ್ರ ಸುದ್ದಿ ತರುತ್ತವೆ. 2008ರಲ್ಲಿ ಹಾರ್ವರ್ಡಿನ ಸನ್ನಿ ಶೀ ತಂಡ ಜೀವಕೋಶಗಳ ಮೇಲೆ ಎರಡು ಲೇಸರುಗಳನ್ನು ಒಟ್ಟಿಗೆ ಹಾಯಿಸಿತು. ಎರಡರ ಆವರ್ತನಗಳ ವ್ಯತ್ಯಾಸ ಕೊಬ್ಬಿನ ಕಂಪನಕ್ಕೆ ಸರಿಹೊಂದಿದರೆ, ಒಂದು ಕಿರಣ ಚೂರು ಮಂಕಾಗಿ ಇನ್ನೊಂದು ಚೂರು ಪ್ರಖರವಾಗುತ್ತದೆ. ಚೂರು ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಲೇಸರೇ ಅದಕ್ಕಿಂತ ಹೆಚ್ಚು ಮಿನುಗಿದರೆ, ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ!

ಗದ್ದಲವಿಲ್ಲದ ಲೇಸರುಗಳು ಇದ್ದವು, ಆದರೆ ಅವುಗಳಿಗೆ ಅಲುಗಾಡದ ದೊಡ್ಡ ಮೇಜೇ ಬೇಕು. ಆಪರೇಷನ್ ಥಿಯೇಟರಿಗೆ ಒಯ್ಯುವ ಮಾತಲ್ಲ. ಫೈಬರ್ ಲೇಸರು ಗಟ್ಟಿಮುಟ್ಟು, ಪುಟ್ಟದು, ಆದರೆ ಮಿನುಗು ಜಾಸ್ತಿ. ಸಂಶೋಧಕರು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಕಿರಣದ ಒಂದು ಪಾಲನ್ನು ಬೇರೆ ಪತ್ತೆಕಾರಕ್ಕೆ ಕಳಿಸಿ, ಎರಡೂ ಕಡೆ ಸಮನಾಗಿ ಕಂಡ ಮಿನುಗನ್ನು ಕಳೆದುಬಿಟ್ಟರು. ನನಗೆ ಇಡೀ ಕಥೆಯಲ್ಲಿ ಅತಿ ಜಾಣತನದ್ದೆನಿಸುವುದು ಈ ಸರಳ ವ್ಯವಕಲನವೇ. ಹೀಗೆ ಯಂತ್ರ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂತು. 2020ರಲ್ಲಿ ಅಮೆರಿಕದ 278 ರೋಗಿಗಳ ಅಧ್ಯಯನದಲ್ಲಿ, ಇಂಥ ಚಿತ್ರಗಳನ್ನು ಓದಿದ ಕಂಪ್ಯೂಟರು ಎರಡೂವರೆ ನಿಮಿಷದೊಳಗೆ ಮಿದುಳಿನ ಗೆಡ್ಡೆಯನ್ನು ಗುರುತಿಸಿತು; ನಿಖರತೆ ಶೇ. 94.6.

ಮಿನುಗು ಕಳೆದ ಮೇಲೂ ಒಂದು ಗದ್ದಲ ಉಳಿಯುತ್ತದೆ. ಫೋಟಾನುಗಳು ಲೆಕ್ಕ ತಪ್ಪಿ ಬರುವುದು ಬೆಳಕಿನ ಹುಟ್ಟುಗುಣ. ಬೆಳಕು ಹೆಚ್ಚಿಸಿದರೆ ಆ ಗದ್ದಲ ಅಡಗೀತು, ಆದರೆ ಕೋಶ ಬೆಂದುಹೋಗುತ್ತದೆ. 2021ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಫೋಟಾನುಗಳ ಬರುವಿಕೆಯನ್ನು ಹದಗೊಳಿಸಿದ ‘ಹಿಂಡಿದ ಬೆಳಕ’ನ್ನು ಯೀಸ್ಟ್ ಕೋಶಗಳ ಮೇಲೆ ಬಿಟ್ಟು, ಗದ್ದಲಕ್ಕೆ ಹೋಲಿಸಿದರೆ ಸಂಕೇತವನ್ನು ಶೇ. 35ರಷ್ಟು ಏರಿಸಿದರು. ಅಂಕಿ ಸಣ್ಣದೇ, ಆದರೆ ಕೋಶಕ್ಕೆ ಹಾನಿ ಮಾಡದೆ ಬೆಳಕನ್ನು ಇನ್ನು ಹೆಚ್ಚಿಸಲಾಗದ ಜಾಗದಲ್ಲಿ ಸಿಕ್ಕಿದ್ದು. ದಪ್ಪ ಅಂಗಾಂಶದಲ್ಲಿ ಮಾತ್ರ ಬೆಳಕು ಚದುರಿ ಸೋರಿಹೋಗುತ್ತದೆ. ಸೋರಿದಷ್ಟೂ ಈ ಹದ ಕೆಡುತ್ತದೆ.