ಬೆರಕೆ ಹಿಂಡಿನಲ್ಲಿ ಕೋಳಿಮರಿಗಳ ಕುಕ್ಕಾಟ: ಕಾರಣ ಮತ್ತು ಉಪಾಯ

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ತೊಗರಿ, ಸೋಯಾ, ಉದ್ದು, ಕಬ್ಬು ಗಂಡಸರ ಲೆಕ್ಕವಾದರೆ ಹಿತ್ತಲ ಕೋಳಿ ಮನೆಯ ಹೆಣ್ಣುಮಕ್ಕಳ ಲೆಕ್ಕ. ತತ್ತಿಯ ದುಡ್ಡು, ಹಬ್ಬಕ್ಕೆ ಹುಂಜ ಮಾರಿದ ದುಡ್ಡು ಬಹುಮಟ್ಟಿಗೆ ಅವರ ಕೈಯಲ್ಲೇ ಉಳಿಯುತ್ತದೆ. ಹಿಂದೆ ಗೋರ್ಟಾ (ಬಿ)ಯಂಥ ಊರುಗಳಲ್ಲಿ ಕೋಳಿ ಎಂದರೆ ಜವಾರಿ ಕೋಳಿಯೇ. ಕಾವಿಗೆ ಕೂತ ಹೇಂಟೆ ತಾನೇ ಮರಿ ಮಾಡಿ ತಾನೇ ಬೆಳೆಸುತ್ತಿತ್ತು. ಈಗ ಸುಧಾರಿತ ತಳಿಗಳೂ ಹಿತ್ತಲಿಗೆ ಬಂದಿವೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆಯಾದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಇವುಗಳ ಮರಿಗಳನ್ನು ತಂದು ಜವಾರಿ ಮರಿಗಳ ಜೊತೆಗೇ ಬಿಡುವುದು ರೂಢಿಯಾಗಿದೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ಎರಡು ಮೂರು ಮರಿ ಸೇರಿ ಒಂದನ್ನು ಮೂಲೆಗೆ ಒತ್ತಿ ಕುಕ್ಕುತ್ತವೆ. ಮೇವಿಗೆ ಬಾಯಿ ಹಾಕಗೊಡುವುದಿಲ್ಲ. ಆ ಮರಿ ಬಡವಾಗುತ್ತದೆ, ಗರಿ ಉದುರಿ ಬೆನ್ನು ಬೋಳಾಗುತ್ತದೆ. ಒಮ್ಮೆ ರಕ್ತ ಕಂಡಿತೆಂದರೆ ಇಡೀ ಹಿಂಡು ಅದರ ಮೇಲೆ ಬೀಳುತ್ತದೆ. ಸಂಜೆ ಒಂದು ಮರಿಗೆ ಗಾಯವಾದದ್ದನ್ನು ನೋಡಿಯೂ ಬಿಟ್ಟರೆ ಬೆಳಗಾಗುವುದರೊಳಗೆ ನಾಲ್ಕೈದು ಮರಿ ಸತ್ತಿರಬಹುದು. ಇಪ್ಪತ್ತು ಮರಿ ತಂದ ಮನೆಗೆ ಇದು ಸಣ್ಣ ನಷ್ಟವಲ್ಲ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಮರಿಗಳ ಎಲ್ಲ ಜಗಳವೂ ರೋಗವಲ್ಲ. ಕೋಳಿಗಳಲ್ಲಿ ದೊಡ್ಡದು ಯಾವುದು, ಸಣ್ಣದು ಯಾವುದು ಎಂಬ ಶ್ರೇಣಿ ಇರುತ್ತದೆ. ನಾರ್ವೆ ದೇಶದ ಶೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ ಇದನ್ನು 1920ರ ದಶಕದ ಮೊದಲಲ್ಲೇ ಬರೆದಿಟ್ಟಿದ್ದಾರೆ. ಮೂರನೆಯ ವಾರದ ಹೊತ್ತಿಗೆ ಮರಿಗಳು ಎದುರುಬದುರು ಕತ್ತೆತ್ತಿ ನಿಂತು, ಎದೆಗೆ ಎದೆ ಕೊಟ್ಟು ಹಾರುತ್ತವೆ. ಕೆಲವು ಕ್ಷಣಗಳಲ್ಲಿ ಒಂದು ಸೋತು ಸರಿಯುತ್ತದೆ. ಇದಕ್ಕೆ ಕೈ ಹಾಕಬೇಕಾಗಿಲ್ಲ. ಆದರೆ ಸೋತು ಓಡಿದ ಮರಿಯನ್ನು ಬೆನ್ನಟ್ಟಿ ಕುಕ್ಕುವುದು, ಒಂದರ ಬೆನ್ನು, ಬಾಲದ ಬುಡ, ಗುದದ್ವಾರ ಅಥವಾ ಕಾಲ್ಬೆರಳನ್ನೇ ಮತ್ತೆ ಮತ್ತೆ ಕುಕ್ಕುವುದು ಕಂಡರೆ ಕೂಡಲೇ ಕಾರಣ ಹುಡುಕತಕ್ಕದ್ದು.

ಭಾರವಿದ್ದ ಮರಿಯೇ ಗೆಲ್ಲುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಗಿರಿರಾಜದ ಮರಿ ಒಳ್ಳೆಯ ಮೇವಿನಲ್ಲಿ ಎಂಟು ವಾರಕ್ಕೆ ಸುಮಾರು ಒಂದು ಕಿಲೋ ತೂಗುತ್ತದೆ. ಅದೇ ವಯಸ್ಸಿನ ಜವಾರಿ ಮರಿ ಅದರ ಅರ್ಧವೂ ಇರುವುದಿಲ್ಲ. ಒಂದೇ ತೊಟ್ಟಿಯಲ್ಲಿ ಮೇವಿಟ್ಟರೆ ಭಾರದ ಮರಿಗಳು ಸಣ್ಣವನ್ನು ತಳ್ಳಿಯೇ ಹಸಿವಿಗೆ ಕೆಡವುತ್ತವೆ. ಆದರೆ ಜಗಳ ಬೇರೆಯ ಮಾತು. ಕಾದಾಟದ ಅಸೀಲ್ ತಳಿಯ ರಕ್ತ ಬೆರೆತಿದ್ದರೆ, ಅಥವಾ ಜವಾರಿ ಮರಿ ಎರಡು ಮೂರು ವಾರ ದೊಡ್ಡದಿದ್ದರೆ, ಸಣ್ಣ ಮೈಯಿದ್ದರೂ ಅದೇ ಯಜಮಾನ. ಹೊಸ ಜಾಗದಲ್ಲಿ ಬೆದರಿ ನಿಂತ ಗಿರಿರಾಜ ಮರಿ ಮೈ ಇದ್ದೂ ಪೆಟ್ಟು ತಿನ್ನುತ್ತದೆ. ಆದ್ದರಿಂದ ಬೆರಕೆ ಹಿಂಡಿನಲ್ಲಿ ತಳಿಗಿಂತ ವಯಸ್ಸನ್ನು ಮುಖ್ಯವಾಗಿ ನೋಡಬೇಕು. ಒಂದು ವಾರಕ್ಕಿಂತ ಹೆಚ್ಚು ಅಂತರವಿರುವ ಮರಿಗಳನ್ನು ನೇರವಾಗಿ ಕೂಡಿಸಬಾರದು. ಗುಂಪಿನಲ್ಲಿ ಒಂದೇ ಒಂದು ಬೇರೆ ಬಣ್ಣದ ಮರಿ ಇದ್ದರೂ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಜಾತ್ರೆಯಲ್ಲಿ ಹಸಿರು, ಗುಲಾಬಿ ಬಣ್ಣ ಹಚ್ಚಿ ಮಾರುವ ಮರಿಗಳನ್ನು ಮಕ್ಕಳ ಹಟಕ್ಕೆ ತಂದು ಹಿಂಡಿಗೆ ಬಿಡದಿರುವುದು ಲೇಸು.

ಕುಕ್ಕಾಟಕ್ಕೆ ಇಕ್ಕಟ್ಟು ದೊಡ್ಡ ಕಾರಣ. ನಾಲ್ಕು ವಾರದವರೆಗೆ ಮರಿಯೊಂದಕ್ಕೆ ಅರ್ಧ ಚದರ ಅಡಿ, ಅಲ್ಲಿಂದ ಎಂಟು ವಾರದವರೆಗೆ ಒಂದು ಚದರ ಅಡಿ ನೆಲ ಬೇಕು. ಮೇವಿನ ತೊಟ್ಟಿಯ ಅಂಚು ಎರಡು ವಾರದವರೆಗೆ ಮರಿಗೆ 2.5 ಸೆಂ.ಮೀ., ಆಮೇಲೆ 5 ಸೆಂ.ಮೀ. ಇರಬೇಕು. ಎರಡೂವರೆ ಅಡಿ ಉದ್ದದ, ಎರಡೂ ಬದಿಯಿಂದ ತಿನ್ನಬಹುದಾದ ತೊಟ್ಟಿ ಮೂವತ್ತು ಮರಿಗೆ ಸಾಲುತ್ತದೆ. ಮರಿ ಮೂವತ್ತೇ ಇದ್ದರೂ ಬೆರಕೆ ಹಿಂಡಿಗೆ ಎರಡು ತೊಟ್ಟಿ, ಎರಡು ನೀರಿನ ಪಾತ್ರೆ ಇಡಿರಿ. ಒಂದು ಈ ಮೂಲೆಗೆ, ಇನ್ನೊಂದು ಆ ಮೂಲೆಗೆ. ದರ್ಪದ ಮರಿ ಒಂದು ತೊಟ್ಟಿಯನ್ನು ಕಾಯಬಲ್ಲದು, ಎರಡನ್ನು ಕಾಯಲಾರದು.

ಇದಕ್ಕಿಂತ ಅಗ್ಗದ ಉಪಾಯವೊಂದಿದೆ. ಬಿದಿರು ಬುಟ್ಟಿಯೊಂದನ್ನು ಬೋರಲು ಹಾಕಿ, ಸಣ್ಣ ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟು ಇಟ್ಟಿಗೆಯ ಮೇಲೆ ನಿಲ್ಲಿಸಬೇಕು. ಒಳಗೆ ಮೇವು, ನೀರು ಇಡಬೇಕು. ಪೆಟ್ಟು ತಿನ್ನುವ ಮರಿಗೆ ಮೇವೂ ಸಿಕ್ಕಿತು, ಅಡಗಲು ತಾವೂ ಸಿಕ್ಕಿತು. ಮರಿಗಳು ಬೆಳೆದಂತೆ ಸಂದನ್ನು ಹೆಚ್ಚಿಸುತ್ತ ಹೋಗಬೇಕು.

ಶಾಖ ಮತ್ತು ಬೆಳಕಿನ ವಿಷಯದಲ್ಲಿ ಈಗ ಹೊಸ ಗೊಂದಲವಿದೆ. ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಹಿಂದೆ ತಂತಿಯ ಬಲ್ಬು ಶಾಖ, ಬೆಳಕು ಎರಡನ್ನೂ ಕೊಡುತ್ತಿತ್ತು. ಎಲ್‌ಇಡಿ ಬಲ್ಬಿನಿಂದ ಕಾವು ಸಿಗುವುದಿಲ್ಲ, ಪ್ರಖರ ಬೆಳಕು ಮಾತ್ರ ಸಿಗುತ್ತದೆ. ಚಳಿಗೆ ಮರಿಗಳು ಒತ್ತಿ ನಿಲ್ಲುತ್ತವೆ, ಬೆಳಕಿಗೆ ಒಂದರ ಮೈ ಒಂದು ಕುಕ್ಕುತ್ತವೆ. ಕಾವಿಗೆ ಇನ್‌ಫ್ರಾರೆಡ್ ಬಲ್ಬನ್ನೋ, ಹೊಗೆ ಹೊರಹೋಗುವಂತೆ ಇಟ್ಟ ಇದ್ದಲಿನ ಶೆಗಡಿಯನ್ನೋ ಬಳಸಿ, ಬೆಳಕು ಮಂದವಾಗಿರಲಿ. ಕೆಂಪು ಬೆಳಕಿನಲ್ಲಿ ರಕ್ತದ ಬಣ್ಣ ಎದ್ದು ಕಾಣದ್ದರಿಂದ ಕುಕ್ಕಾಟ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಇದರ ವಿರುದ್ಧ ಸ್ಥಿತಿ. ಬೀದರ ಜಿಲ್ಲೆಯಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಕೆಳಗೆ ಬಾಯಿ ತೆರೆದು ತೇಕುವ ಮರಿಗಳಲ್ಲೂ ಕಚ್ಚಾಟ ಹೆಚ್ಚು. ಮರಿಗಳು ಕಾವಿನ ಸುತ್ತ ಸಮನಾಗಿ ಹರಡಿ ಮಲಗಿದ್ದರೆ ಶಾಖ ಸರಿಯಿದೆ ಎಂದು ತಿಳಿಯಬಹುದು.

ಇನ್ನು ಮೇವು. ಜೋಳದ ನುಚ್ಚನ್ನಷ್ಟೇ ಚೆಲ್ಲಿ ಮರಿ ಬೆಳೆಸುವ ಮನೆಗಳಲ್ಲಿ ಗರಿ ಕುಕ್ಕುವ ಚಟ ಬೇಗ ಬರುತ್ತದೆ. ಜೋಳದಲ್ಲಿ ಸಸಾರಜನಕ ಶೇಕಡಾ 10ರ ಆಸುಪಾಸು. ಎಳೆಯ ಮರಿಗೆ ಬೇಕಾದದ್ದು ಶೇಕಡಾ 20ರಷ್ಟು. ಉಪ್ಪಿನ ಕೊರತೆಯೂ ಸೇರಿದರೆ ಮರಿಗಳು ರಕ್ತದ ರುಚಿ ಹಿಡಿಯುತ್ತವೆ. ತಯಾರಿ ಮೇವು ಸಿಗದಿದ್ದರೆ 10 ಕಿಲೋ ಮೇವಿಗೆ ಜೋಳ ಅಥವಾ ಮೆಕ್ಕೆಜೋಳದ ನುಚ್ಚು 5.5 ಕಿಲೋ, ಸೋಯಾ ಹಿಂಡಿ 3 ಕಿಲೋ, ಬೂಸುರು ಹಿಡಿಯದ ಶೇಂಗಾ ಹಿಂಡಿ ಅರ್ಧ ಕಿಲೋ, ಗೋಧಿ ಬೂಸಾ 700 ಗ್ರಾಂ, ಕೋಳಿಗೆಂದೇ ತಯಾರಿಸಿದ ಖನಿಜ ಮಿಶ್ರಣ 300 ಗ್ರಾಂ ಬೆರೆಸಬಹುದು. ಉಪ್ಪು 30 ಗ್ರಾಂ ಸಾಕು. ಖನಿಜ ಮಿಶ್ರಣದಲ್ಲೇ ಉಪ್ಪಿದ್ದರೆ ಬೇರೆ ಹಾಕಬಾರದು, ಹೆಚ್ಚಾದ ಉಪ್ಪು ಮರಿಗೆ ವಿಷ. ಮನೆಯಲ್ಲಿ ಬೆಳೆದ ಸೋಯಾ ಇದೆಯೆಂದು ಹಸಿ ಕಾಳನ್ನೇ ಒಡೆದು ಹಾಕಬೇಡಿರಿ. ಹಸಿ ಸೋಯಾದಲ್ಲಿ ಸಸಾರಜನಕ ಜೀರ್ಣವಾಗದಂತೆ ತಡೆಯುವ ಅಂಶವಿರುತ್ತದೆ. ನುಗ್ಗೆ, ಕುದುರೆಮೆಂತೆ ಸೊಪ್ಪನ್ನು ಕಟ್ಟಿ ಮರಿಗಳ ತಲೆಯೆತ್ತರಕ್ಕೆ ತೂಗುಹಾಕಿದರೆ ಕೊಕ್ಕಿಗೆ ಕೆಲಸ ಸಿಗುತ್ತದೆ. ಹೊತ್ತು ಹೋಗದ ಮರಿಯೇ ಇನ್ನೊಂದರ ಬಾಲ ಹಿಡಿಯುವುದು.

ಕುಕ್ಕಿಸಿಕೊಳ್ಳುವ ಮರಿಗೆ ಮೊದಲೇ ಕಾಯಿಲೆ ಇದೆಯೇ ಎಂಬುದನ್ನೂ ನೋಡಬೇಕು. ಹಿಕ್ಕೆ ಅಂಟಿ ಹಿಂಭಾಗ ಹೊಲಸಾಗಿದ್ದರೆ ಅಥವಾ ರಕ್ತಭೇದಿಯಿದ್ದರೆ ಉಳಿದವು ಅಲ್ಲಿಗೇ ಕುಕ್ಕುತ್ತವೆ. ಇಂಥಲ್ಲಿ ಪಶುವೈದ್ಯರನ್ನು ಕಾಣುವುದೇ ದಾರಿ.

ಗಾಯವಾದ ಮರಿಯನ್ನು ಆ ಕ್ಷಣವೇ ಬೇರ್ಪಡಿಸಿ, ತಿಳಿಗುಲಾಬಿ ಬಣ್ಣದ ಪೊಟ್ಯಾಶಿಯಂ ಪರಮಾಂಗನೇಟ್ ನೀರಿನಿಂದ ತೊಳೆದು, ಬೇವಿನೆಣ್ಣೆಯಲ್ಲಿ ಕಲಸಿದ ಅರಿಷಿಣವನ್ನು ತೆಳ್ಳಗೆ ಹಚ್ಚಬೇಕು. ಕಹಿಗೆ ಬೇರೆ ಮರಿ ಮತ್ತೆ ಬಾಯಿ ಹಾಕುವುದಿಲ್ಲ. ವಾಸಿಯಾದ ಮೇಲೆ ಒಂಟಿಯಾಗಿ ಬಿಡದೆ, ಜೊತೆಗೊಂದು ಸೌಮ್ಯ ಮರಿಯನ್ನು ಎರಡು ದಿನ ಇಟ್ಟು ಎರಡನ್ನೂ ಕೂಡಿ ಬಿಡಬೇಕು. ಗಾಯವಿಲ್ಲದೆ ಬರಿಯ ಕಾಟವಿದ್ದರೆ ಪೆಟ್ಟು ತಿನ್ನುವ ಮರಿಯನ್ನಲ್ಲ, ಕಾಟ ಕೊಡುವುದನ್ನು ಎರಡು ಮೂರು ದಿನ ಹೊರಗಿಡಿರಿ. ಸಾಮಾನ್ಯವಾಗಿ ಜನ ಇದರ ತಿರುಗುಮುರುಗು ಮಾಡುತ್ತಾರೆ. ಸೋತ ಮರಿಯನ್ನು ಹೊರಗಿಟ್ಟರೆ ಮರಳಿ ಬಂದಾಗ ಅದು ಹೊಸಬನಂತಾಗಿ ಇನ್ನೂ ಕೆಳಕ್ಕಿಳಿಯುತ್ತದೆ. ಗಯ್ಯಾಳಿ ಮರಿಯನ್ನು ಹೊರಗಿಟ್ಟರೆ ಅದೇ ಕೆಳಕ್ಕಿಳಿಯುತ್ತದೆ.

ಕೊಕ್ಕು ಕತ್ತರಿಸಲೇ ಎಂದು ಕೇಳುವವರಿದ್ದಾರೆ. ದೊಡ್ಡ ಫಾರ್ಮಿನ ಪದ್ಧತಿಯನ್ನು ಹಿತ್ತಲಿಗೆ ತರುವುದು ನಮಗೆ ಸರಿಯೆನಿಸುವುದಿಲ್ಲ. ಹೊರಗೆ ತಿರುಗಿ ಹುಳ, ಕಾಳು ಹೆಕ್ಕುವ ಕೋಳಿಗೆ ಕೊಕ್ಕೇ ಬಂಡವಾಳ.

ಹೊಸ ಮರಿಗಳನ್ನು ತಂದಾಗ ಎರಡು ವಾರ ದೂರದಲ್ಲಿಟ್ಟು ರೋಗ ಪರೀಕ್ಷಿಸಿ, ರಾಣಿಖೇತ ಲಸಿಕೆ ಆಗಿದೆಯೇ ಕೇಳಿಕೊಳ್ಳಬೇಕು. ನಂತರ ಒಂದು ವಾರ ನಡುವೆ ಜಾಲರಿ ಕಟ್ಟಿ, ಒಂದನ್ನೊಂದು ನೋಡುವಂತೆ, ಮುಟ್ಟದಂತೆ ಇಡಬೇಕು. ಆಮೇಲೆ ಕತ್ತಲಾದ ಮೇಲೆ ಕೂಡಿಸಿ, ಅದೇ ರಾತ್ರಿ ತೊಟ್ಟಿಗಳ ಜಾಗ ಬದಲಿಸಬೇಕು. ಬೆಳಿಗ್ಗೆ ಎಲ್ಲ ಮರಿಗೂ ಜಾಗ ಹೊಸದೇ. ಒಂದು ದಿನದ ಗಿರಿರಾಜ ಮರಿಗಳನ್ನು ಜವಾರಿ ಹೇಂಟೆಗೆ ಒಪ್ಪಿಸುವುದಾದರೆ ಅದರ ಸ್ವಂತ ಮರಿ ಹೊರಬಂದ ಮೊದಲ ಒಂದೆರಡು ರಾತ್ರಿಗಳಲ್ಲೇ ರೆಕ್ಕೆಯಡಿ ಸೇರಿಸಬೇಕು. ತಡವಾದರೆ ತಾಯಿ ತನ್ನ ಮರಿಯ ಗುರುತು ಹಿಡಿದು ಹೊರಗಿನವನ್ನು ಕುಕ್ಕಿ ಓಡಿಸುತ್ತದೆ.

ಹತ್ತು ವಾರದ ಹೊತ್ತಿಗೆ ಶ್ರೇಣಿ ಬಹುತೇಕ ನಿಲ್ಲುತ್ತದೆ. ಆದರೆ ಆಗಲೇ ಹುಂಜಗಳ ಕಾದಾಟ ಮೊದಲಾಗುತ್ತದೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವನ್ನು ಬೇರೆ ಕಟ್ಟಿ ಮೇಯಿಸಿ, ತೂಕ ಬಂದಂತೆ ಸಂತೆಗೆ ಕಳಿಸಬಹುದು.