ಹಳೆಯ ವಿಮಾನದ ಎದೆಬಡಿತ

ಹಳೆಯ ಕಾರಿನ ಎಂಜಿನ್ ಕೈಕೊಟ್ಟರೆ ರಸ್ತೆಯ ಪಕ್ಕಕ್ಕೆ ತಳ್ಳಿ ನಿಲ್ಲಿಸಬಹುದು. ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ಆದ್ದರಿಂದಲೇ ಐವತ್ತು ಅರವತ್ತು ವರ್ಷ ಹಳೆಯ ಲಘು ವಿಮಾನವೊಂದನ್ನು ಹಾರುವ ಸ್ಥಿತಿಯಲ್ಲಿಡುವುದು ಬರೀ ಹವ್ಯಾಸದ ಮಾತಲ್ಲ. ಅದು ಒಂದೇ ಎಂಜಿನ್ನನ್ನು ನಂಬಿ ಮೇಲೇರುವ ಇಬ್ಬರ ಪ್ರಾಣದ ಪ್ರಶ್ನೆ. ಇಂಥ ಎಂಜಿನ್ನಿನ ಶಕ್ತಿಯನ್ನು ಉಳಿಸಿಕೊಳ್ಳುವುದು, ಸಾಧ್ಯವಾದರೆ ಹೆಚ್ಚಿಸುವುದು ಹೇಗೆ?

ಬೆಂಗಳೂರಿನಲ್ಲೇ ಹುಟ್ಟಿದ ಪುಷ್ಪಕ ವಿಮಾನ ಇದಕ್ಕೆ ಒಳ್ಳೆಯ ಉದಾಹರಣೆ. ಆಗಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್, ಅಂದರೆ ನಮ್ಮ ಎಚ್‌ಎಎಲ್, ತಯಾರಿಸಿದ ಈ ಪುಟ್ಟ ತರಬೇತಿ ವಿಮಾನ 1958ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಹಾರಿತು. ಎತ್ತರದ ರೆಕ್ಕೆ, ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕ ಎರಡೇ ಆಸನ. ಸುಮಾರು 160 ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿದವು. ಒಂದು ತಲೆಮಾರಿನ ಪೈಲಟ್‌ಗಳು ಕೈ ಪಳಗಿಸಿಕೊಂಡದ್ದು ಇವುಗಳಲ್ಲೇ.

ಇದರ ಮೂತಿಯಲ್ಲಿದ್ದದ್ದು ಅಮೆರಿಕದ ಕಾಂಟಿನೆಂಟಲ್ ಸಿ-90 ಎಂಜಿನ್. ನಾಲ್ಕು ಸಿಲಿಂಡರ್, 3.3 ಲೀಟರ್ ಗಾತ್ರ, ನಿಮಿಷಕ್ಕೆ 2,475 ಸುತ್ತಿನಲ್ಲಿ 90 ಅಶ್ವಶಕ್ತಿ. ಇಂದಿನ 1.2 ಲೀಟರ್ ಕಾರಿನ ಎಂಜಿನ್ನೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ ಕೊಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಕಾರು ತನ್ನ ಪೂರ್ಣ ಶಕ್ತಿಯನ್ನು ಬಳಸುವುದು ಕ್ಷಣಕಾಲ ಮಾತ್ರ. ವಿಮಾನದ ಎಂಜಿನ್ ಗಂಟೆಗಟ್ಟಲೆ ತನ್ನ ಶಕ್ತಿಯ ಮುಕ್ಕಾಲು ಭಾಗವನ್ನು ಕೊಡುತ್ತಲೇ ಇರಬೇಕು. ಅದಕ್ಕಾಗಿಯೇ ಅದು ದೊಡ್ಡದು, ನಿಧಾನ, ಸರಳ.

ಈ 90 ಅಶ್ವಶಕ್ತಿ ಸಮುದ್ರ ಮಟ್ಟದ ಲೆಕ್ಕ. ಎತ್ತರ ಏರಿದಂತೆ ಗಾಳಿ ತೆಳುವಾಗಿ, ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಶಕ್ತಿ ಕುಗ್ಗುತ್ತದೆ. ಬೆಂಗಳೂರಿನ ಜಕ್ಕೂರು ಮೈದಾನ ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಅಂದರೆ ನೆಲದ ಮೇಲೆ ನಿಂತಿರುವಾಗಲೇ ಎಂಟೊಂಬತ್ತು ಅಶ್ವಶಕ್ತಿ ಕಡಿಮೆ. ಬೇಸಿಗೆಯ ಮಧ್ಯಾಹ್ನ ಉಷ್ಣತೆ 33 ಡಿಗ್ರಿ ಮುಟ್ಟಿದರೆ, ಅಲ್ಲಿನ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಪ್ರಕೃತಿಯೇ ಇಷ್ಟನ್ನು ಕಿತ್ತುಕೊಂಡ ಮೇಲೆ, ನಿರ್ಲಕ್ಷ್ಯದಿಂದ ಇನ್ನೂ ಐದಾರು ಅಶ್ವಶಕ್ತಿ ಸೋರಿಹೋದರೆ ರನ್‌ವೇ ಅಂಚಿನ ಮರಗಳು ಬಹಳ ಎತ್ತರವಾಗಿ ಕಾಣತೊಡಗುತ್ತವೆ.

ಶಕ್ತಿ ಸೋರುವ ಮೊದಲ ದಾರಿ ಸಿಲಿಂಡರಿನಲ್ಲಿ. ಇದನ್ನು ಅಳೆಯುವ ವಿಧಾನ ಸುಲಭವಾದದ್ದು. ಪಿಸ್ಟನ್ ತನ್ನ ಓಟದ ತುದಿಯಲ್ಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ, ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದ ಗಾಳಿಯನ್ನು ಒಳಗೆ ಬಿಟ್ಟು, ಎಷ್ಟು ಉಳಿಯುತ್ತದೆಂದು ನೋಡುತ್ತಾರೆ. 75 ಉಳಿದರೆ ಸಂತೋಷ. ಬಹಳ ಕಡಿಮೆಯಾದರೆ ಮೆಕ್ಯಾನಿಕ್ ಕಿವಿಗೊಟ್ಟು ಆಲಿಸುತ್ತಾನೆ. ಹೊಗೆ ಕೊಳವೆಯಲ್ಲಿ ಬುಸ್ಸೆಂದರೆ ದೋಷ ಹೊಗೆ ಬಿಡುವ ವಾಲ್ವಿನದು. ಕಾರ್ಬುರೇಟರಿನಲ್ಲಿ ಕೇಳಿದರೆ ಒಳಸೇರುವ ವಾಲ್ವಿನದು. ಆಯಿಲ್ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ. ವೈದ್ಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡುವ ಬಗೆಯೇ ಇದು.

ಎರಡನೆಯ ದಾರಿ ಕಿಡಿಯದು. ಇಂಥ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಎರಡು ಪ್ರತ್ಯೇಕ ಮ್ಯಾಗ್ನೆಟೊ. ಇವು ತಮ್ಮ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳುವುದರಿಂದ ಬ್ಯಾಟರಿಯ ಹಂಗಿಲ್ಲ. ಹಾರುವ ಮುನ್ನ ಪೈಲಟ್ ಒಂದೊಂದನ್ನೇ ಆರಿಸಿ ನೋಡುತ್ತಾನೆ. ಸುತ್ತುಗಳು ಸ್ವಲ್ಪ ಇಳಿಯಬೇಕು. ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚು ಇಳಿದರೆ ಪ್ಲಗ್ಗೋ ಮ್ಯಾಗ್ನೆಟೊವೋ ಕೆಟ್ಟಿದೆ. ಸ್ವಲ್ಪವೂ ಇಳಿಯದಿದ್ದರೆ? ಹಿಗ್ಗಬೇಕಾಗಿಲ್ಲ. ಸ್ವಿಚ್ಚು ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಬೇಕು. ಅಂಥ ಎಂಜಿನ್ ಆರಿಸಿದ ಮೇಲೂ, ಪ್ರೊಪೆಲ್ಲರಿಗೆ ಕೈ ತಾಗಿದೊಡನೆ ಹೊತ್ತಿಕೊಂಡು ಜೀವ ತೆಗೆದೀತು.

ಪ್ಲಗ್ ಕೆಡಲು ಮುಖ್ಯ ಕಾರಣ ಇಂಧನದ ಸೀಸ. ಸಿ-90 ರೂಪುಗೊಂಡದ್ದು 80 ಆಕ್ಟೇನಿನ ಪೆಟ್ರೋಲಿಗೆ. ಅದು ಮಾರುಕಟ್ಟೆಯಿಂದ ಮರೆಯಾಗಿದೆ. ಈಗ ವಿಮಾನಗಳಿಗೆ ಸಿಗುವುದು 100 ಆಕ್ಟೇನಿನ ‘ಕಡಿಮೆ ಸೀಸ’ದ ಪೆಟ್ರೋಲು. ಭಾರತದಲ್ಲೂ ಇಂಡಿಯನ್ ಆಯಿಲ್ 2022ರಲ್ಲಿ ಇದರ ತಯಾರಿಕೆ ಆರಂಭಿಸಿತು. ಹೆಸರು ಕಡಿಮೆ ಸೀಸವಾದರೂ ಹಳೆಯ 80ಕ್ಕೆ ಹೋಲಿಸಿದರೆ ಇದರ ಸೀಸದ ಮಿತಿ ನಾಲ್ಕು ಪಟ್ಟು! ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಸೀಸ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ನೆಲದ ಮೇಲೆ ತಣ್ಣಗೆ, ನಿಧಾನವಾಗಿ ಓಡುತ್ತಿದ್ದರೆ ಪ್ಲಗ್ಗಿನ ತುದಿಯಲ್ಲೂ ವಾಲ್ವಿನ ಕಾಂಡದಲ್ಲೂ ಗಟ್ಟಿಯಾಗಿ ಕೂರುತ್ತದೆ. ಕೆಳಭಾಗದ ಪ್ಲಗ್‌ಗಳಿಗೆ ಈ ಕಾಟ ಹೆಚ್ಚು. ಹಾಗಾಗಿ ಅವನ್ನು ಆಗಾಗ ತೊಳೆದು ಮೇಲಿನವುಗಳೊಂದಿಗೆ ಅದಲುಬದಲು ಮಾಡುವುದು ರೂಢಿ.

ಆದರೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಸುಮ್ಮನೆ ನಿಲ್ಲುವುದು. ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಆಯಿಲಿಗೆ ಸೇರಿ ಆಮ್ಲವಾಗಿ, ನಿಂತ ಎಂಜಿನ್ನಿನ ಉಕ್ಕನ್ನು ತುಕ್ಕು ಹಿಡಿಸುತ್ತದೆ. ಕೆಲವು ಮಾಲೀಕರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾರೆ. ಇದು ಇನ್ನೂ ಕೆಟ್ಟದ್ದು. ಅಷ್ಟರಲ್ಲಿ ಹೊಸ ನೀರು ಸೇರುತ್ತದೆಯೇ ಹೊರತು, ಅದನ್ನು ಓಡಿಸುವಷ್ಟು ಆಯಿಲ್ ಬಿಸಿಯಾಗುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಹಾರಿಸಿದರೆ ಮಾತ್ರ ಪ್ರಯೋಜನ. ಫಿಲ್ಟರ್ ಇಲ್ಲದೆ ಬರೀ ಜಾಲರಿ ಇರುವ ಹಳೆಯ ಎಂಜಿನ್ನಿಗೆ 25 ಗಂಟೆಗೊಮ್ಮೆ ಆಯಿಲ್ ಬದಲಾಯಿಸುವುದೂ ಅಷ್ಟೇ ಮುಖ್ಯ.

ಇನ್ನು ಶಕ್ತಿಯನ್ನು ಹೆಚ್ಚಿಸುವ ಮಾತು. ಮೋಟಾರ್ ಸೈಕಲ್ಲಿಗೆ ಮಾಡಿದಂತೆ ಇಲ್ಲಿ ಮನಬಂದಂತೆ ಮಾರ್ಪಾಡು ಮಾಡುವಂತಿಲ್ಲ. ಪ್ರತಿಯೊಂದಕ್ಕೂ ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆಯ ಮಿತಿಯಲ್ಲೇ ದೊಡ್ಡ ವ್ಯತ್ಯಾಸ ತರಬಲ್ಲದ್ದು ಪ್ರೊಪೆಲ್ಲರ್. ಅದರ ಅಲಗಿನ ಓರೆ ಬಸ್ಸಿನ ಗೇರಿನಂತೆ. ಓರೆ ಕಡಿಮೆಯಾದರೆ ಎಂಜಿನ್ ಸರಾಗವಾಗಿ ತಿರುಗಿ ವಿಮಾನ ಬೇಗ ಮೇಲೇರುತ್ತದೆ, ಆದರೆ ಸಮತಟ್ಟಿನ ವೇಗ ತಗ್ಗುತ್ತದೆ. ಓರೆ ಹೆಚ್ಚಾದರೆ ಇದಕ್ಕೆ ತಿರುಗುಮುರುಗು. ಎತ್ತರದ ಮೈದಾನದಲ್ಲಿ ಕಲಿಯುವವರಿಗೆ ಮೊದಲನೆಯದೇ ಕ್ಷೇಮ. ಸಿಲಿಂಡರಿನ ಸುತ್ತ ಗಾಳಿಯನ್ನು ತಿರುಗಿಸುವ ತಗಡುಗಳ ಬಿರುಕು ಮುಚ್ಚುವುದು ಖರ್ಚಿಲ್ಲದ ಇನ್ನೊಂದು ಸುಧಾರಣೆ. ತಂಪಾದ ಸಿಲಿಂಡರಿಗೆ ಆಯಸ್ಸು ಹೆಚ್ಚು.

ಹೀಗೆ ನೋಡಿದರೆ, ಹಳೆಯ ಎಂಜಿನ್ನಿನ ಸುಧಾರಣೆ ಎಂದರೆ ಬಹುಪಾಲು ಅದರದ್ದೇ ಆದ 90ನ್ನು ಅದಕ್ಕೆ ಮರಳಿ ಕೊಡುವುದು. ಈ ಕೆಲಸದಲ್ಲಿ ಪಾನಾದಷ್ಟೇ ಮುಖ್ಯವಾದ ಸಲಕರಣೆ ಲಾಗ್ ಪುಸ್ತಕ. ಈ ವರ್ಷ ಮೂರನೆಯ ಸಿಲಿಂಡರ್ 72 ತೋರಿಸಿತು ಎಂಬುದು ಹೆಚ್ಚೇನೂ ಹೇಳುವುದಿಲ್ಲ. ಹೋದ ವರ್ಷ 75, ಅದರ ಹಿಂದಿನ ವರ್ಷ 77 ಇತ್ತೆಂದು ಬರೆದಿಟ್ಟಿದ್ದರೆ ಮಾತ್ರ, ನೆಲದ ಮೇಲಿರುವಾಗಲೇ ಎಚ್ಚರವಾಗಲು ಸಾಧ್ಯ.